ಬುಧವಾರದ ಮುಯ್ಯಾಳು

ಬೈಲಹೊಂಗಲ
೩ ಸೆಪ್ಟೆಂಬರ್ ೨೦೦೭

ಸೊಸೆ ಶೈಲಜಾಳಿಗೆ, ನಿನ್ನ ಸೋದರಮಾವ ಅಂದಾನೆಪ್ಪ ಮೀಸೆ ತಿರುವಿಕೊಂಡು ಬರೆಯುವುದು.

ನಾನು ಹುಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸೂಲಗಿತ್ತಿ ಗುರವ್ವ ಎಡಗೈಯಿಂದ ನನ್ನನ್ನು ತಲೆಕೆಳಗಾಗಿ ಎತ್ತಿ ಹಿಡಿದಿದ್ದಳು. ತಲೆಕೆಳಗಾದರೇನು, ಮಾಡಿನ ಜಂತಿಗಳನ್ನು ಆಗಲೇ ಎಣಿಸಿ ಮುಗಿಸಿದ್ದೆ. ಹದಿಮೂರು. ನಿಮ್ಮವ್ವ ಸಾವಿತ್ರೆವ್ವ ನಾಲ್ಕು ವರ್ಷದವಳು, ಬಾಗಿಲ ಸಂದಿಯಲ್ಲಿ ಮೂಗು ಸುರಿಸುತ್ತ ನಿಂತಿದ್ದಳು. ಬೇಕಾದರೆ ಕೇಳಿ ನೋಡು. ಇಲ್ಲ ಎನ್ನುತ್ತಾಳೆ. ಅವಳಿಗೆ ನೆನಪು ಕಡಿಮೆ.

ಇಂಥ ರಕ್ತ ನಿನ್ನ ಮೈಯಲ್ಲಿದೆ. ಇಲ್ಲಿಯ ದನದ ಪೇಟೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಒತ್ತಿ ಎತ್ತಿನ ಬೆಲೆ ಕುದುರಿಸುವ ದಲ್ಲಾಳಿ ನಾನು. ಯಾವ ಎತ್ತಿಗೆ ಯಾರು ಎಷ್ಟು ಬೆರಳು ಒತ್ತಿದರು ಎಂಬುದು ಸಂಜೆಯವರೆಗೆ ಒಂದು ಚೂರು ಕಾಗದವಿಲ್ಲದೆ ತಲೆಯಲ್ಲಿರುತ್ತದೆ. ಓದಿದ್ದು ನಾಲ್ಕನೆಯ ಇಯತ್ತೆ. ಐದಕ್ಕೆ ಮಾಸ್ತರರೇ ಹೆದರಿ ಸೇರಿಸಿಕೊಳ್ಳಲಿಲ್ಲ.

ಅಂಥವನ ಸೊಸೆ ಕಳೆದ ಮಂಗಳವಾರ ಒಂದೇ ಪಾಳಿಗೆ ಎರಡು ಗಾಡಿ ಕೂಗಿದಳಂತೆ! ಸವದತ್ತಿಯ ಟೆಂಪೋ ಸ್ಟ್ಯಾಂಡಿನಲ್ಲಿ, ಆ ತಗಡಿನ ಗೂಡಿನೊಳಗೆ ಮೈಕು ಹಿಡಿದು ಹತ್ತು ವರ್ಷ ಕೂತವಳು ನೀನು. ಯಾವ ಟೆಂಪೋ ಮೊದಲು ಬಂತು, ಯಾವುದು ಆಮೇಲೆ, ಯಾವುದು ಯಾವ ಊರಿಗೆ ಎಂದು ಒಂದನ್ನೂ ತಪ್ಪದೆ ಕೂಗಿದವಳು. ರಾಮದುರ್ಗದ ಪಾಳಿ ನನ್ನದು ತನ್ನದು ಎಂದು ಡ್ರೈವರ್ ಶಟ್ಟೆಪ್ಪನೂ ಬಸವಣ್ಣೆಪ್ಪನೂ ಕೊರಳಪಟ್ಟಿ ಹಿಡಿದುಕೊಂಡರೆಂದು ಮುರಗೋಡದ ಗಿರಾಕಿಯೊಬ್ಬ ಹಲ್ಲು ಕಿರಿದು ಹೇಳಿದ. ಅವನ ಎತ್ತು ಆ ದಿನ ಮಾರಾಟವಾಗದಂತೆ ನೋಡಿಕೊಂಡೆ.

ಹುಬ್ಬಳ್ಳಿಯ ಡಾಕ್ಟರು ಎರಡು ವರ್ಷದ ಹಿಂದೆ ನಿನಗೆ ಹೇಳಿದ ಆ ಉದ್ದನೆಯ ಹೆಸರು, ಮಲ್ಟಿಪಲ್ ಸ್ಕ್ಲೆರೋಸಿಸ್, ಕಾಲಿಗೆ ಜೋಮು ತರುತ್ತದೆ, ಕಣ್ಣು ಮಂಜು ಮಾಡುತ್ತದೆ ಎಂದು ಕೇಳಿದ್ದೆ. ನೆನಪಿಗೂ ಕೈ ಹಾಕುತ್ತದೆ ಎಂದು ಯಾರೂ ಹೇಳಿರಲಿಲ್ಲ. ಈಗ ಕಂಪ್ಯೂಟರಿನ ಮುಂದೆ ಕೂತು ಮಿದುಳಿಗೆ ಗರಡಿ ಮಾಡಿಸಬೇಕಂತೆ. ಪೈಲ್ವಾನರ ಗರಡಿ ನೋಡಿದ್ದೇನೆ. ಮಿದುಳಿಗೆ ಎಣ್ಣೆ ತಿಕ್ಕುವವರು ಯಾರು?

ಫೋನಿನಲ್ಲಿ ಆಡಿದ ಮಾತು ಸಂಜೆಗೆ ಉಳಿಯುವುದಿಲ್ಲ, ಕಾಗದ ಬರೆ ಮಾವ, ಎರಡು ಸಲ ಓದಿಕೊಳ್ಳುತ್ತೇನೆ ಎಂದೆ. ಬರೆದಿದ್ದೇನೆ. ಮೂರು ಸಲ ಓದು, ಅಷ್ಟು ಚೆಂದ ಬಂದಿದೆ.

ಯಾರಿಗೂ ಬಗ್ಗದ ನಿನ್ನ ಮಾವ,
ಅಂದಾನೆಪ್ಪ


ಸವದತ್ತಿ
೧೫ ಸೆಪ್ಟೆಂಬರ್ ೨೦೦೭

ಮಾವನಿಗೆ,

ನೀನು ಹುಟ್ಟಿದ ಉಗರಗೋಳದ ಮನೆಗೆ ಜಂತಿಯೇ ಇರಲಿಲ್ಲ, ಜೋಳದ ದಂಟಿನ ಹೊದಿಕೆ ಇತ್ತು ಎಂದು ಅವ್ವ ಹೇಳಿದಳು. ಮೂಗಿನ ಮಾತಿಗೆ ಸಿಟ್ಟಾಗಿದ್ದಾಳೆ.

ನಡೆದದ್ದು ಇಷ್ಟು. ಪಾಳಿ ಕೂಗುವುದೆಂದರೆ ಕೂಗಿದ ಗಾಡಿಯನ್ನು ತಲೆಯಿಂದ ಕಳಿಸಿಬಿಡಬೇಕು, ಹಿಂದಿನದನ್ನು ಮುಂದೆ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಹೊಸದಾಗಿ ಬಂದದ್ದನ್ನು ಕೊನೆಗೆ ನಿಲ್ಲಿಸಬೇಕು. ಆ ದಿನ ಶಟ್ಟೆಪ್ಪನ ಗಾಡಿ ಕೂಗಿದ್ದೆ. ಒಬ್ಬ ಮುದುಕಿ ಕಿಟಕಿಗೆ ಬಂದು, "ಯವ್ವಾ, ಕಟಕೋಳದ ಗಾಡಿ ಯಾವಾಗ ಬಿಡತೈತಿ?" ಎಂದಳು. ಉತ್ತರ ಹೇಳಿ ತಿರುಗುವಷ್ಟರಲ್ಲಿ ತಲೆ ತೊಳೆದಿಟ್ಟ ತಟ್ಟೆಯಾಗಿತ್ತು. ಬರೆದಿಟ್ಟುಕೋ ಎನ್ನಬೇಡ. ಬರೆಯುತ್ತೇನೆ. ಬರೆದದ್ದನ್ನು ಹುಡುಕುವಷ್ಟರಲ್ಲಿ ಹತ್ತು ಗಾಡಿ ಹಾರನ್ ಹೊಡೆಯುತ್ತವೆ.

ಟೆಂಪೋ ಮಾಲಕರ ಸಂಘದ ಅಧ್ಯಕ್ಷರು ನಿಜಗುಣಪ್ಪ ಗೂಡಿಗೆ ಬಂದಿದ್ದರು. "ಶೈಲಾ, ಭಾರತ ಹುಣ್ಣಿಮಿ ತನಾ ನೋಡೂಣು. ಎಲ್ಲಮ್ಮನ ಗುಡ್ಡಕ್ಕ ಅವತ್ತ ಎಷ್ಟ ಮಂದಿ ಬರತಾರ ನಿನಗ ಗೊತ್ತೈತಿ. ಆ ದಿನ ನಿನ್ನ ಕಡಿಂದ ಆಗೂದಿಲ್ಲ ಅಂದ್ರ ನನ್ನ ಅಳಿಯನ್ನ ಕೂಡಸ್ತೇನಿ. ನೀ ಮನ್ಯಾಗ ಆರಾಮ ಇರು" ಎಂದರು.

ಆರಾಮ! ಅಪ್ಪ ಹೋದ ಮೇಲೆ ಆ ಗೂಡೇ ನನ್ನ ಹೊಲ, ನನ್ನ ಹೆಸರು. ನಾನು ಏಳುವುದಿಲ್ಲ.

ಗರಡಿಯ ವಿಷಯ. ಹುಬ್ಬಳ್ಳಿಯ ಆಸ್ಪತ್ರೆಯ ಶೀತಲ ಮೇಡಂ ಹಾಕಿಕೊಟ್ಟಿದ್ದನ್ನು ಇಲ್ಲಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಮಾಡುತ್ತೇನೆ. ಕಿವಿಯಲ್ಲಿ ಅಂಕಿಗಳು ಒಂದೊಂದಾಗಿ ಬರುತ್ತವೆ. ಕೊನೆಯ ಎರಡನ್ನು ಮಾತ್ರ ಕೂಡಿಸಿ ಒತ್ತಬೇಕು. ಮೂರು, ಐದು ಬಂದರೆ ಎಂಟು. ಆಮೇಲೆ ಎರಡು ಬಂದರೆ ಏಳು, ಏಕೆಂದರೆ ಎಂಟನ್ನು ಬಿಟ್ಟು ಐದಕ್ಕೆ ಎರಡು ಸೇರಿಸಬೇಕು. ಸರಿ ಒತ್ತುತ್ತ ಹೋದರೆ ಅಂಕಿಗಳು ಬೇಗ ಬೇಗ ಬರುತ್ತವೆ, ತಪ್ಪಿದರೆ ನಿಧಾನ. ಕಾಯಿಲೆ ಇದರಿಂದ ಹೋಗುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದಾರೆ. ಕಾಯಿಲೆ ಮುಟ್ಟದೆ ಬಿಟ್ಟ ಭಾಗಕ್ಕೆ ಕೆಲಸ ಕಲಿಸುವುದು, ಅಷ್ಟೇ. ಮಂಗಳವಾರ ಗುಡ್ಡದ ಗದ್ದಲ ಮುಗಿಸಿದರೆ ಬುಧವಾರ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಆ ದಿನ ಮಾತ್ರ ತಪ್ಪುತ್ತದೆ.

ನೋಡಬೇಕೆಂದರೆ ನಿಮ್ಮೂರ ಸೆಂಟರಿಗೆ ಹೋಗು. ನನ್ನ ಹೆಸರನ್ನೂ ಕೆಳಗೆ ಬರೆದ ಗುಟ್ಟಿನ ಪದವನ್ನೂ ಹೊಡೆಸಿದರೆ ಅದೇ ಪರದೆ ಅಲ್ಲೂ ತೆರೆಯುತ್ತದೆ. ನೋಡು ಅಷ್ಟೇ, ಒತ್ತಬೇಡ.

ಶೈಲಜಾ


ಬೈಲಹೊಂಗಲ
೮ ಅಕ್ಟೋಬರ್ ೨೦೦೭

ಶೈಲಿಗೆ, ಯಂತ್ರವನ್ನು ಮಣ್ಣು ಮುಕ್ಕಿಸಿದ ಮಾವನ ಆಶೀರ್ವಾದ.

ಹೋದೆ, ಕೂತೆ, ನೋಡಿದೆ. ನೋಡುವಾಗ ಬೆರಳು ತಾನಾಗಿ ಒತ್ತಿಕೊಂಡಿತು. ಮೂವತ್ತು ವರ್ಷ ಟವೆಲಿನೊಳಗೆ ದುಡಿದ ಬೆರಳು, ಸುಮ್ಮನೆ ಕೂರು ಎಂದರೆ ಕೂರುತ್ತದೆಯೇ? ನೂರಕ್ಕೆ ಎಷ್ಟು ಬಂತು ಗೊತ್ತೇನು? ತೊಂಬತ್ತಾರು! ಉಳಿದ ನಾಲ್ಕು ಯಂತ್ರದ ಮರ್ಯಾದೆಗೆ ಬಿಟ್ಟೆ. ಸೆಂಟರಿನ ಮಹಾಂತಪ್ಪ ಎದ್ದು ನಿಂತು, "ಅಂದಾನೆಪ್ಪಾರ, ನೀವು ಸಾಲಿ ಬಿಟ್ಟಿದ್ದು ದೇಶಕ್ಕ ಲುಕ್ಸಾನ ಆತ್ರಿ" ಎಂದ. ಪೇಟೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಕಿತ್ತೂರಿನಿಂದ ಹೋರಿ ಹೊಡೆದುಕೊಂಡು ಬಂದವರಿಗೂ ಹೇಳಿದೆ. ಅವರು ಅಲ್ಲಿ ಹೇಳುತ್ತಾರೆ.

ಇನ್ನೊಂದು ಮಾತು. ಬುಧವಾರ ನೀನು ನಿಶ್ಚಿಂತೆಯಿಂದ ಮಲಗು. ಗರಡಿ ತಪ್ಪಿತಲ್ಲ ಎಂದು ಕೊರಗಬೇಡ. ಬುಧವಾರ ನನಗಿರಲಿ. ಹೇಗೆ ಎಂದು ಕೇಳಬೇಡ, ಮಾವ ನಿನ್ನ ಹೆಸರಿನಲ್ಲಿ ದೇವರಿಗೆ ನಡೆದುಕೊಳ್ಳುತ್ತಾನೆ ಎಂದು ತಿಳಿ.

ತೊಂಬತ್ತಾರರ
ಅಂದಾನೆಪ್ಪ


ಸವದತ್ತಿ
೧೪ ಡಿಸೆಂಬರ್ ೨೦೦೭

ಮಾವ,

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ. ಹೋಗುವಾಗ ದಾರಿಯುದ್ದಕ್ಕೂ ಗುನುಗುತ್ತಿದ್ದೆ. ಎರಡು ತಿಂಗಳಿಂದ ಪ್ರತಿ ಗುರುವಾರ ಕೂತರೆ ಅಂಕಿಗಳು ನೀರಿಗೆ ಹೊರಟ ಮದುಮಗಳ ಹಾಗೆ ನಿಧಾನವಾಗಿ ಬರುತ್ತಿದ್ದವು. ಒಂದೂ ತಪ್ಪುತ್ತಿರಲಿಲ್ಲ. ಸುಧಾರಿಸಿದೆ ಎಂದುಕೊಂಡೆ. ನಿಜಗುಣಪ್ಪನವರಿಗೂ ಹಾಗೇ ಹೇಳಿದ್ದೆ.

ಶೀತಲ ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಶೈಲಜಾ, ಬುಧವಾರಕ್ಕೊಮ್ಮೆ ನಿಮಗೇನಾಗತದ?"

"ಮಲಗಿರತೇನ್ರಿ."

"ಮಲಗಿರತೀರಿ? ಮತ್ತ ಇದನ್ನೆಲ್ಲಾ ಒತ್ತಿದವರು ಯಾರು? ಇಷ್ಟು ತಪ್ಪು ಕಣ್ಣು ಮುಚ್ಚಿ ಒತ್ತಿದ್ರೂ ಬರೂದಿಲ್ಲ."

ಆಗ ತಿಳಿಯಿತು, ದೇವರಿಗೆ ನಡೆದುಕೊಂಡದ್ದು ಯಾರು ಎಂದು. ಪ್ರತಿ ಬುಧವಾರ ನನ್ನ ಹೆಸರಿನಲ್ಲಿ ಕೂತು ನೀನು ತಪ್ಪು ಒತ್ತಿ ಒತ್ತಿ ಯಂತ್ರವನ್ನು ಕೆಳಗಿಳಿಸಿದ್ದೆ. ಗುರುವಾರ ಅದು ನನ್ನ ಕೈಗೆ ಕೂಸಿನ ಲೆಕ್ಕ ಕೊಡುತ್ತಿತ್ತು, ನನ್ನ ವೇಗಕ್ಕೆ ಏರುವಷ್ಟರಲ್ಲಿ ಮತ್ತೆ ಬುಧವಾರ. ನಾನು ಅದನ್ನೇ ಮಾಡಿ ಕುಣಿಯುತ್ತಿದ್ದೆ. ಬುಧವಾರದ ಅಂಕ ನೋಡಿ, ಕಾಯಿಲೆ ಮತ್ತೊಮ್ಮೆ ಹೊಡೆದಿದೆ ಎಂದು ಡಾಕ್ಟರು ತಲೆಯ ಸ್ಕ್ಯಾನ್ ಬರೆದಿಟ್ಟಿದ್ದರು. ಸ್ಕ್ಯಾನಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಇನ್ನು ಗೂಡು ಬಿಟ್ಟೆ, ಗಾಲಿಕುರ್ಚಿಯೇ ಗತಿ ಎಂದು ಮನಸ್ಸಿನಲ್ಲೇ ಎಲ್ಲ ಮುಗಿಸಿದ್ದೆ. ಆಮೇಲೆ ಮೇಡಂ ಕರೆದು ಬುಧವಾರದ ಮಾತು ಕೇಳಿದ್ದು.

ಎರಡು ತಿಂಗಳು, ಮಾವ. ಹುಣ್ಣಿಮೆಗೆ ಉಳಿದಿರುವುದೂ ಅಷ್ಟೇ.

ಗುಟ್ಟಿನ ಪದ ಬದಲಿಸಿದ್ದೇನೆ. ಬುಧವಾರ ಮಲಗುವುದೂ ಗರಡಿಯ ಭಾಗವೇ ಎಂದು ಮೇಡಂ ಹೇಳಿದರು, ಮಲಗುತ್ತೇನೆ. ಉಳಿದ ದಿನ ನನ್ನ ವೇಗದ ಅಂಕಿಯಿಂದಲೇ ಶುರು. ತಪ್ಪಿದರೆ ನನ್ನ ತಪ್ಪೇ ಆಗಿರಲಿ.

ಶೈಲಜಾ


ಬೈಲಹೊಂಗಲ
೨೦ ಡಿಸೆಂಬರ್ ೨೦೦೭

ಶೈಲಿಗೆ,

ನಿಮ್ಮಪ್ಪ ಜ್ವರ ಬಂದು ಮಲಗಿದಾಗ ಅವನ ಹೊಲದಲ್ಲಿ ಕುಂಟೆ ಹೊಡೆದವನು ಯಾರು? ನಾನು. ನನ್ನ ಕಾಲು ಮುರಿದ ವರ್ಷ ನನ್ನ ಜೋಳ ಕೊಯ್ದವನು ಯಾರು? ನಿಮ್ಮಪ್ಪ. ಮುಯ್ಯಾಳು ಎಂದರೆ ಅದೇ ಅಲ್ಲವೇನು? ನಿನ್ನ ದಿನ ನಾನು ದುಡಿಯುತ್ತೇನೆ, ನನ್ನ ದಿನ ನೀನು. ಇದು ಯಾರ ಕೈ, ಯಾರ ಹೊಲ ಎಂದು ಭೂಮಿ ಒಂದು ದಿನವೂ ಕೇಳಲಿಲ್ಲ. ಜೋಳ ಬೆಳೆಯಿತು, ರೊಟ್ಟಿ ಆಯಿತು. ನೀನೂ ತಿಂದಿದ್ದೀ. ನೀನು ಬುಧವಾರ ಮಲಗಿದರೆ ನಿನ್ನ ಆ ದಿನದ ದುಡಿಮೆ ತಪ್ಪಬಾರದು ಎಂದು ನಾನು ಕೂತೆ. ಈ ಯಂತ್ರಕ್ಕೆ ಮುಯ್ಯಿಯ ರಿವಾಜು ಗೊತ್ತಿಲ್ಲದಿದ್ದರೆ ಅದು ಯಂತ್ರದ ತಪ್ಪು, ಅದನ್ನು ಮಾಡಿದವರ ತಪ್ಪು, ಅವರ ಊರಿನ ತಪ್ಪು.

ಅಂಕ ಕಡಿಮೆ ಬಿತ್ತು ಎನ್ನುತ್ತೀ. ಅದು ಯುಕ್ತಿ. ವ್ಯಾಪಾರದಲ್ಲಿ ಮೊದಲು ಎದುರಿನವನನ್ನು ಗೆಲ್ಲಲು ಬಿಡುತ್ತೇವೆ. ನಂಬಿಕೆಯಿಲ್ಲದಿದ್ದರೆ ಸಂಕ್ರಮಣಕ್ಕೆ ಬಾ. ಪಕ್ಕಪಕ್ಕ ಕೂತು ಆಡೋಣ. ಆಗ ನೋಡು.

ಸ್ಕ್ಯಾನಿನ ಮಾತು ಓದಿದ ಮೇಲೆ ಈ ವಾರದ ಪೇಟೆಗೆ ಹೋಗಿಲ್ಲ. ನೆಗಡಿಯಾಗಿದೆ.

ಅಂದಾನೆಪ್ಪ ಮಾವ


ಸವದತ್ತಿ
೨೮ ಜನವರಿ ೨೦೦೮

ಮಾವನಿಗೆ,

ಸಂಕ್ರಮಣದ ಮರುದಿನ ಆಡಿದ್ದಾಯಿತು. ಎಷ್ಟಾಯಿತು ಎಂಬುದು ನಿನಗೂ ನನಗೂ ಮಹಾಂತಪ್ಪನ ಪರದೆಗೂ ಗೊತ್ತು. ನೀನು ಎದ್ದು ಕರೆಂಟಿನ ದೋಷ ಎಂದೆ. ನಾನು ನಗಲಿಲ್ಲ. ಆದರೆ ನೀನು ಯಾಕೆ ಸೋಲುತ್ತೀ ಎಂದು ಪಕ್ಕದಲ್ಲಿ ಕೂತಾಗ ಕಂಡಿತು. ಬಂದ ಅಂಕಿಯನ್ನೆಲ್ಲ 'ಎಂಟು, ಹತ್ತು, ಹದಿನೇಳು' ಎಂದು ಬಾಯಲ್ಲೇ ಕೂಡಿಸುತ್ತ ಹೋಗುತ್ತೀ. ಹಿಂದಿನದನ್ನು ಬಿಡಲು ನಿನಗೆ ಬರುವುದಿಲ್ಲ.

ಬನದ ಹುಣ್ಣಿಮೆಗೆ ಮಧ್ಯಾಹ್ನದವರೆಗೆ ನಾನೇ ಕೂಗಿದೆ. ಒಂದು ಪಾಳಿ ಬಿಟ್ಟುಹೋಯಿತು. ಮುಚ್ಚಿಡಲಿಲ್ಲ. ಮೈಕಿನಲ್ಲೇ ಹೇಳಿದೆ: "ಕಿತ್ತೂರ ಗಾಡಿ ಬಿಟ್ಟೇನಿ. ತಪ್ಪು ನಂದು. ಎಲ್ಲಾರೂ ನಿಂದರ್ರಿ, ಅದು ಮೊದಲ ಹೋಗ್ಲಿ." ಬೈದರು, ಆದರೆ ನಿಂತರು. ಕೊರಳಪಟ್ಟಿ ಯಾರೂ ಹಿಡಿಯಲಿಲ್ಲ. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಕೂಗಿರಲಿಲ್ಲ ಮಾವ.

ಆದರೂ ನಿಜಗುಣಪ್ಪನವರು ಭಾರತ ಹುಣ್ಣಿಮೆಗೆ ಅಳಿಯನನ್ನೇ ಕೂರಿಸುತ್ತಾರಂತೆ. ಬರುವ ತಿಂಗಳು ಹದಿನೇಳನೆಯ ತಾರೀಖು ಸಂಘದ ಸಭೆ. ನನ್ನ ಮುಂದೆಯೇ ಅಂದರು: "ನಿಮ್ಮ ಮಾವ, ದನದ ದಲ್ಲಾಳಿ, ಆ ಕಂಪ್ಯೂಟರದಾಗ ನೂರಕ್ಕ ತೊಂಬತ್ತಾರ ತಗೊಂಡಾನಂತ, ಕಿತ್ತೂರ ಮಂದಿ ಹೇಳಿದ್ರು. ನೀ ದಿನಾ ಕುಂತು ಎಪ್ಪತ್ತು. ನೀನ ಹೇಳು, ಯಾರ ತಲಿ ಗಟ್ಟಿ ಐತಿ?"

ನಿನ್ನ ತೊಂಬತ್ತಾರು ನನ್ನ ಗೂಡಿಗೆ ಬೀಗ ಹಾಕುತ್ತಿದೆ. ನಿಜವಾದ ಅಂಕ ಬರೆದು ಕೆಳಗೆ ಸಹಿ ಹಾಕಿ ಕಳಿಸು. ಸಭೆಯಲ್ಲಿ ಮೈಕಿನಲ್ಲಿ ಓದುತ್ತೇನೆ.

ಶೈಲಜಾ


ಬೈಲಹೊಂಗಲ
೪ ಫೆಬ್ರವರಿ ೨೦೦೮

ಶೈಲಿಗೆ,

ನೀನು ಕೇಳಿದ್ದು ಏನು ಎಂದು ನಿನಗೆ ತಿಳಿದಿದೆಯೇ? ಟವೆಲಿನ ಕೆಳಗೆ ಕೈ ಹಾಕುವವನು ನನ್ನ ತಲೆಯನ್ನು ನಂಬಿ ಹಾಕುತ್ತಾನೆ. ನಮ್ಮ ದಂಧೆಯಲ್ಲಿ ಪಾವತಿ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಅಂದಾನೆಪ್ಪ ಹೇಳಿದರೆ ಮುಗಿಯಿತು. ಸವದತ್ತಿಯ ಮೈಕಿನಲ್ಲಿ ಆ ಅಂಕ ಕೂಗಿದರೆ ಸಂಜೆಯೊಳಗೆ ಇಲ್ಲಿಯ ಎತ್ತುಗಳಿಗೂ ಗೊತ್ತಾಗುತ್ತದೆ. ಆಮೇಲೆ ನನ್ನ ಟವೆಲಿನಲ್ಲಿ ನಾನು ಮುಖ ಒರೆಸಿಕೊಂಡು ಕೂರಬೇಕು.

ಒಂದು ಕೆಲಸ ಮಾಡೋಣ. ಎರಡು ಅಂಕದಿಂದ ಸೋತ ಎಂದು ಓದು. ಆಗದು ಎನ್ನುತ್ತೀಯಾ? ಐದು ಎನ್ನು. ನಿನ್ನ ಮುಖ ನೋಡಿ ಎಂಟು ಮಾಡುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೂರರಲ್ಲೇ ಎದ್ದು ಹೋಗುತ್ತಿದ್ದೆ.

ಅಂದಾನೆಪ್ಪ


ಸವದತ್ತಿ
೯ ಫೆಬ್ರವರಿ ೨೦೦೮

ಮಾವ,

ನಾನು ಎತ್ತು ಕೊಳ್ಳಲು ಬಂದಿಲ್ಲ.

ಶೈಲಜಾ


ಬೈಲಹೊಂಗಲ
೨೩ ಫೆಬ್ರವರಿ ೨೦೦೮

ಹುಬ್ಬಳ್ಳಿಯ ಆಸ್ಪತ್ರೆಯ ಶೀತಲ ಮೇಡಂ ಅವರಿಗೆ, ನೀವು ಮುಖ ನೋಡದೆ ಬೈದಿರುವ ಅಂದಾನೆಪ್ಪನ ನಮಸ್ಕಾರ.

ನಿಮ್ಮ ಶೈಲಜಾ ನನ್ನ ಅಕ್ಕನ ಮಗಳು. ಅವಳ ಬುಧವಾರಗಳನ್ನು ಕೆಡಿಸಿದವನು ನಾನು. ಅವಳು ನಿಮಗೆ ಸುದ್ದಿ ಹೇಳುವಾಗ ತನ್ನದನ್ನು ಅರ್ಧ ಮಾಡಿ ಹೇಳುತ್ತಾಳೆ. ಆದ್ದರಿಂದ ಪೂರ್ತಿ ಹೇಳುವ ಜವಾಬ್ದಾರಿ ನನ್ನ ಮೇಲಿದೆ.

ಸಭೆಗೆ ಕಾಗದ ಕಳಿಸಲಿಲ್ಲ, ನಾನೇ ಹೋದೆ. ದಾರಿಯಲ್ಲಿ ಮುರಗೋಡದ ಹತ್ತಿರ ಒಮ್ಮೆ ಇಳಿದು ತಿರುಗಿ ಹೋಗೋಣ ಎಂದೂ ಅನಿಸಿತು. ಇಳಿದೆ. ಚಹಾ ಕುಡಿದೆ. ಮುಂದಿನ ಗಾಡಿ ಸವದತ್ತಿಯದೇ ಬಂತು, ಏರಿದೆ.

ಟೆಂಪೋ ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಸೇರಿದ್ದರು. ನನ್ನನ್ನು ಕಂಡ ಕೂಡಲೇ ನಿಜಗುಣಪ್ಪ ಕೈ ಎತ್ತಿದ. "ಬರ್ರಿ ತೊಂಬತ್ತಾರಿನ ಸಾಹೇಬ್ರ! ಸರಿಯಾದ ವ್ಯಾಳ್ಯಾಕ್ಕ ಬಂದ್ರಿ. ನೀವ ಹೇಳ್ರಿ, ಈ ಕೆಲಸಕ್ಕ ಎಂಥಾ ತಲಿ ಬೇಕು?"

ಗೂಡಿನ ಕಿಟಕಿಯಿಂದ ಶೈಲಜಾ ನನ್ನನ್ನು ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಮೇಡಂ, ಪಾಳಿ ಕಾಯುವವರ ನೋಟ. ಮೈಕು ಈಸಿಕೊಂಡೆ. ಅದು ಕೀ ಎಂದು ಕೂಗಿತು. ಅವಳದೆಷ್ಟು, ನನ್ನದೆಷ್ಟು, ಎರಡನ್ನೂ ಹೇಳಿದೆ.

ಶಟ್ಟೆಪ್ಪ ಹಿಂದಿನಿಂದ ಕೂಗಿದ: "ಮಾವಾರ, ಇನ್ನೊಮ್ಮೆ ಹೇಳ್ರಿ, ಇಲ್ಲಿ ಕೇಳಸಲಿಲ್ಲ!"

ಕೇಳಿಸಿತ್ತು ಅವನಿಗೆ. ಆದರೂ ಇನ್ನೊಮ್ಮೆ ಹೇಳಿದೆ.

"ಅಯ್ಯ ನಿಮ್ಮ," ಎಂದ ಬಸವಣ್ಣೆಪ್ಪ, "ಹೋದ ವರ್ಷ ನಮ್ಮ ಜೋಡೆತ್ತು ಮಾರಿಕೊಟ್ಟಿದ್ದು ಇದ ತಲೀಲೇ ಏನ್ರಿ?"

ಅಲ್ಲಿಂದ ನಗು ಎದ್ದದ್ದು ಗುಡ್ಡಕ್ಕೆ ಮುಟ್ಟಿರಬೇಕು. ನಾನು ಮೈಕು ಬಿಡಲಿಲ್ಲ. "ನಗ್ರಿ, ಹೊಟ್ಟಿ ತುಂಬ ನಗ್ರಿ. ನನಗ ಯಾವ ರೋಗಾನೂ ಇಲ್ಲ. ಗಟ್ಟಿ ತಲಿ ಅಂದ್ರ ಇದ. ಇಂಥಾದ್ದ ಬೇಕಂದ್ರ ಕೂಡಸ್ರಿ" ಎಂದೆ.

ನಿಜಗುಣಪ್ಪ ಕೆಂಪಗಾದ. "ಆದ್ರೂ ರೋಗ ರೋಗಾನ ಅಲ್ಲೇನು?"

ಆಗ ನನ್ನ ಸೊಸೆ ಕೋಲು ಊರಿಕೊಂಡು ಗೂಡಿನಿಂದ ಹೊರಗೆ ಬಂದಳು. ಮೈಕಿಲ್ಲದೆ ಮಾತಾಡಿದಳು, ಎಲ್ಲರಿಗೂ ಕೇಳಿಸಿತು. "ರೋಗ ನಂದು, ಪಾಳಿ ನಿಮ್ಮದು. ಪಾಳಿ ತಪ್ಪಿದ್ರ ಕೇಳ್ರಿ, ಉತ್ತರ ಕೊಡತೇನಿ. ರೋಗದ ಲೆಕ್ಕ ನಾನೂ ನಮ್ಮ ಡಾಕ್ಟರೂ ನೋಡ್ಕೋತೇವಿ. ಮಧ್ಯಾಹ್ನ ಅರ್ಧಾ ತಾಸು ಮೈಕ ಬಂದ್ ಇರತೈತಿ, ನಾ ಅಡ್ಡಾಗತೇನಿ. ಗಾಡಿ ನಿಂತಲ್ಲೇ ನಿಂದರಬೇಕು. ಅದು ಒಪ್ಪಿಗಿ ಇಲ್ಲಂದ್ರ ಈಗ ಹೇಳ್ರಿ."

"ಅಳಿಯಂದ್ರನ್ನೂ ಒಮ್ಮೆ ಆ ಯಂತ್ರದ ಮುಂದ ಕೂಡಸೂಣೇನ್ರಿ ಅಧ್ಯಕ್ಷರ?" ಎಂದ ಶಟ್ಟೆಪ್ಪ. ಅಳಿಯ ಗಡಿಯಾರ ನೋಡಿಕೊಂಡ, ಯಾವುದೋ ಕೆಲಸ ನೆನಪಾಯಿತೆಂದು ಹೋದ. ಸಭೆ ಮುಗಿಯಿತು.

ಮೊನ್ನೆ ಗುರುವಾರ ಭಾರತ ಹುಣ್ಣಿಮೆ. ಬೆಳಕು ಹರಿಯುವ ಮೊದಲೇ ಕೂತಳು. ಹಳದಿ ಹಚ್ಚಿದ ಮಂದಿ, ಎತ್ತಿನ ಗಾಡಿ, ಟ್ರ್ಯಾಕ್ಟರು, ನಡುವೆ ಟೆಂಪೋ. ನಾನು ಚಹಾದಂಗಡಿಯ ಬೆಂಚಿನಿಂದ ನೋಡುತ್ತಿದ್ದೆ. ರಾಮದುರ್ಗ ಹೋಯಿತು, ಬೈಲಹೊಂಗಲ ಹೋಯಿತು, ಹೋದದ್ದನ್ನು ಅವಳು ತಿರುಗಿ ನೋಡುತ್ತಿರಲಿಲ್ಲ. ಮಧ್ಯಾಹ್ನ ಮೈಕು ಬಂದ್ ಆಯಿತು. ಕಿಟಕಿಗೆ ನಮ್ಮ ಅಕ್ಕ ಸೀರೆ ಇಳಿಬಿಟ್ಟಳು. ಗಾಡಿಗಳು ನಿಂತವು. ಒಬ್ಬ ಹೊಸ ಡ್ರೈವರು ಹಾರನ್ ಹೊಡೆದ, ಬಸವಣ್ಣೆಪ್ಪ ಹೋಗಿ ಅವನ ಕೀಲಿ ಕಿತ್ತಿಟ್ಟುಕೊಂಡ. ಇಡೀ ದಿನದಲ್ಲಿ ಎರಡು ಪಾಳಿ ತಪ್ಪಿದವು, ಎರಡನ್ನೂ ಮೈಕಿನಲ್ಲೇ ಹೇಳಿ ಸರಿಮಾಡಿದಳು. ಸಂಜೆಗೂ ಅವಳ ದನಿ ಬಿದ್ದಿರಲಿಲ್ಲ. ನಿಜಗುಣಪ್ಪ ಬಂದು, ಯುಗಾದಿಗೆ ಗೂಡಿಗೆ ಬಣ್ಣ ಹೊಡೆಸುವುದಿದೆ, ನಿನಗೆ ಯಾವುದು ಬೇಕು ಎಂದು ಅವಳನ್ನು ಕೇಳಿ ಹೋದ.

ನನ್ನ ಪೇಟೆಯ ಸುದ್ದಿ ಕೇಳಬೇಡಿ. ಈಗ ಟವೆಲಿಗೆ ಕೈ ಹಾಕುವ ಮೊದಲು ಗಿರಾಕಿಗಳು ನನಗೆ ಮಗ್ಗಿ ಕೇಳುತ್ತಾರೆ.

ಒಂದು ವಿನಂತಿಗಾಗಿ ಇಷ್ಟು ಬರೆದೆ. ನಿಮ್ಮ ಯಂತ್ರದಲ್ಲಿ ಆ ಬುಧವಾರಗಳು ಇನ್ನೂ ಶೈಲಜಾಳ ಹೆಸರಿನಲ್ಲಿ ಕೂತಿವೆಯಂತೆ. ನಾಳೆ ಯಾವ ಡಾಕ್ಟರು ನೋಡಿದರೂ ಇವಳ ತಲೆ ಅಷ್ಟು ಕೆಳಗೆ ಬಿದ್ದಿತ್ತು ಎಂದುಕೊಳ್ಳುತ್ತಾರೆ. ಬೀಳಲಿಲ್ಲ. ಅವು ನನ್ನವು. ಅವಳ ಲೆಕ್ಕದಿಂದ ತೆಗೆದು ನನ್ನ ಹೆಸರು ಹಾಕಿ, ಊರನ್ನೂ ಹಾಕಿ. ಸಂಕ್ರಮಣದ ಆಟವನ್ನೂ ಪಕ್ಕದಲ್ಲಿ ಬರೆಯಿರಿ, ನೋಡಿದವರಿಗೆ ಅನುಮಾನ ಉಳಿಯಬಾರದು. ಶೈಲಜಾ, ನೂರಕ್ಕೆ ಎಪ್ಪತ್ತೆರಡು. ಅಂದಾನೆಪ್ಪ, ನೂರಕ್ಕೆ ಒಂಬತ್ತು.

ಅರವತ್ತಮೂರು ಅಂಕಗಳಿಂದ ಸೋತ,
ಅಂದಾನೆಪ್ಪ
ದನದ ದಲ್ಲಾಳಿ, ಬೈಲಹೊಂಗಲ